17 ಹ್ರಿವ್ನಿಯಾದ ಮೊಟ್ಟೆ: ಯುದ್ಧದ ನಡುವೆ ಉಕ್ರೇನಿನ ಟೆಂಡರ್ ಲೆಕ್ಕ ಬಯಲಿಗೆ ಬಿದ್ದ ಪ್ರಕರಣ

2023ರ ಜನವರಿ 21, ಶನಿವಾರ. ಕೀವ್‌ನ 'ದ್ಜೆರ್ಕಾಲೊ ತಿಝ್ನ್ಯಾ' ಪತ್ರಿಕೆಯಲ್ಲಿ ಒಂದು ವರದಿ ಬಂತು. ಬರೆದವರು ಪತ್ರಕರ್ತ ಯೂರಿ ನಿಕೋಲೋವ್. ಸೈನಿಕರ ಊಟಕ್ಕೆಂದು ಉಕ್ರೇನಿನ ರಕ್ಷಣಾ ಸಚಿವಾಲಯ ಒಂದು ಮೊಟ್ಟೆಗೆ 17 ಹ್ರಿವ್ನಿಯಾ (ಅಲ್ಲಿನ ದುಡ್ಡು) ಕೊಡಲು ಒಪ್ಪಿಕೊಂಡಿದೆ, ಕೀವ್‌ನ ಅಂಗಡಿಯಲ್ಲಿ ಅದೇ ಮೊಟ್ಟೆ 7 ಹ್ರಿವ್ನಿಯಾಕ್ಕೆ ಸಿಗುತ್ತದೆ ಎಂಬುದು ಅದರ ತಿರುಳು. ಆಗಿನ ವಿನಿಮಯ ದರದಲ್ಲಿ ನಮ್ಮ ದುಡ್ಡಿಗೆ ಹಾಕಿದರೆ ಅಂಗಡಿಯ ಮೊಟ್ಟೆ ಸುಮಾರು 16 ರೂಪಾಯಿ, ಸೈನ್ಯದ ಮೊಟ್ಟೆ 38 ರೂಪಾಯಿ. ಆಲೂಗಡ್ಡೆಯೂ ಹಾಗೇ. ಅಂಗಡಿಯಲ್ಲಿ ಕಿಲೋಗೆ 8-9 ಹ್ರಿವ್ನಿಯಾ ಇದ್ದದ್ದು ಒಪ್ಪಂದದಲ್ಲಿ 22.

ಒಪ್ಪಂದವೇನು ಸಣ್ಣದಲ್ಲ. ಕೀವ್, ಝಿತೋಮಿರ್, ಪೊಲ್ಟಾವಾ, ಸುಮಿ, ಚೆರ್ನಿಹಿವ್, ಚೆರ್ಕಾಸಿ ಈ ಆರು ಪ್ರಾಂತ್ಯಗಳಲ್ಲಿದ್ದ ಸೇನಾ ಘಟಕಗಳಿಗೆ 2023ರ ಊಟ ಒದಗಿಸುವುದು. ಮೊತ್ತ 1,316 ಕೋಟಿ ಹ್ರಿವ್ನಿಯಾ, ಅಂದರೆ ಹತ್ತಿರ ಹತ್ತಿರ 2,900 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತ ಕೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಸಾವಿರ ಕೋಟಿಯೂ ಒಂದೇ, ಎರಡು ಸಾವಿರ ಕೋಟಿಯೂ ಒಂದೇ. ಆದರೆ ಮೊಟ್ಟೆಯ ಬೆಲೆ ದಿನಾ ಅಂಗಡಿಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತು. ಈ ಇಡೀ ಪ್ರಕರಣ ನಿಂತಿರುವುದು ಇಲ್ಲೇ. ಒಟ್ಟು ಮೊತ್ತ ಎಷ್ಟೇ ಚೆನ್ನಾಗಿ ಪ್ರಕಟವಾಗಲಿ, ಬಿಡಿ ಬೆಲೆ ಕಾಣದಿದ್ದರೆ ಖರೀದಿಯ ಮೇಲೆ ಕಣ್ಣಿಡಲು ಆಗುವುದಿಲ್ಲ.

ಮೊದಲು ಎಲ್ಲವೂ ಕಾಣುತ್ತಿತ್ತು

ಇದರಲ್ಲಿ ಒಂದು ವಿಚಿತ್ರವಿದೆ. ಸರ್ಕಾರಿ ಖರೀದಿಯನ್ನು ಬಯಲಲ್ಲಿ ಮಾಡುವುದು ಹೇಗೆ ಎಂದು ಜಗತ್ತಿಗೇ ತೋರಿಸಿಕೊಟ್ಟ ದೇಶಗಳಲ್ಲಿ ಉಕ್ರೇನ್ ಒಂದು. 2014ರ ಫೆಬ್ರವರಿಯಲ್ಲಿ ಜನರ ಚಳವಳಿಗೆ ಬೆದರಿ ಅಧ್ಯಕ್ಷ ಯಾನುಕೋವಿಚ್ ಓಡಿಹೋದ ಮೇಲೆ, ಟೆಂಡರ್ ವ್ಯವಸ್ಥೆಯನ್ನು ಸರಿಪಡಿಸಲು ಸ್ವಯಂಸೇವಕರ ಗುಂಪೊಂದು ಮುಂದೆ ಬಂತು. ಅದರ ಮುಂದಾಳು ಒಲೆಕ್ಸಾಂಡರ್ ಸ್ಟಾರೊದುಬ್ತ್ಸೆವ್. ಇವರು ಕಟ್ಟಿದ ಆನ್‌ಲೈನ್ ಟೆಂಡರ್ ವ್ಯವಸ್ಥೆಯೇ ಪ್ರೊಝೊರೊ. 2015ರ ಫೆಬ್ರವರಿಯಲ್ಲಿ ಪ್ರಯೋಗ ಶುರುವಾಯಿತು. ಕೆಲವೇ ಇಲಾಖೆಗಳು ತಾವಾಗಿ ಸೇರಿಕೊಂಡವು. ಅವುಗಳಲ್ಲಿ ರಕ್ಷಣಾ ಸಚಿವಾಲಯವೂ ಒಂದು ಎಂಬುದನ್ನು ನೆನಪಿಟ್ಟುಕೊಳ್ಳಿ. 2015ರ ಡಿಸೆಂಬರ್‌ನಲ್ಲಿ ಕಾನೂನು ಬಂತು. 2016ರ ಏಪ್ರಿಲ್ 1ರಿಂದ ಕೇಂದ್ರದ ಇಲಾಖೆಗಳಿಗೆ, ಆಗಸ್ಟ್ 1ರಿಂದ ಎಲ್ಲರಿಗೂ ಪ್ರೊಝೊರೊ ಕಡ್ಡಾಯವಾಯಿತು.

'ಎಲ್ಲರಿಗೂ ಎಲ್ಲವೂ ಕಾಣಲಿ' ಎಂಬುದು ಅವರ ಘೋಷಣೆ. ಸುಮ್ನೆ ಗೋಡೆಗೆ ಅಂಟಿಸಿದ ಘೋಷಣೆ ಅಲ್ಲ ಅದು. ಟೆಂಡರಿನ ಡೇಟಾಬೇಸ್ ಸರ್ಕಾರದ ಕೈಯಲ್ಲಿ, ಬಿಡ್ ಹಾಕುವವರನ್ನು ಕರೆತರುವ ಕೆಲಸ ಹಲವು ಖಾಸಗಿ ವೇದಿಕೆಗಳ ಕೈಯಲ್ಲಿ. ಯಾವ ವೇದಿಕೆಯಿಂದ ಬಂದರೂ ಬಿಡ್ ಬೀಳುವುದು ಅದೇ ಡೇಟಾಬೇಸಿಗೆ. ಮೂರು ಸುತ್ತಿನ ಹರಾಜು ನಡೆಯುತ್ತದೆ, ಪ್ರತಿ ಸುತ್ತಿನಲ್ಲೂ ಬೆಲೆ ಇಳಿಸಬಹುದು. ಹರಾಜು ಮುಗಿದ ಕೂಡಲೇ ಯಾರು ಎಷ್ಟು ಹಾಕಿದರು, ಜತೆಗೆ ಯಾವ ದಾಖಲೆ ಕೊಟ್ಟರು ಎಲ್ಲವೂ ತೆರೆದುಕೊಳ್ಳುತ್ತದೆ. ಸೋತವರ ದಾಖಲೆಗಳೂ ಸೇರಿ. ಯಾರು ಬೇಕಾದರೂ ನೋಡಬಹುದು, ಲಾಗಿನ್ ಕೂಡ ಬೇಡ.

ಪೋರ್ಟಲ್ ಇದ್ದ ಮಾತ್ರಕ್ಕೆ ಕಳ್ಳತನ ನಿಲ್ಲುವುದಿಲ್ಲ ಎಂಬುದು ಕಟ್ಟಿದವರಿಗೂ ಬೇಗನೇ ಗೊತ್ತಾಯಿತು. ಒಂದೇ ಕಂಪನಿಗೆ ಮಾತ್ರ ಹೊಂದುವ ಷರತ್ತು ಹಾಕುವುದು, ದೊಡ್ಡ ಕೆಲಸವನ್ನು ಮಿತಿಗಿಂತ ಕೆಳಗೆ ಬರುವಂತೆ ತುಂಡು ಮಾಡುವುದು, ಕಡಿಮೆ ಬೆಲೆ ಹಾಕಿದವನನ್ನು ಯಾವುದೋ ಕಾಗದ ಇಲ್ಲವೆಂದು ಹೊರಗಟ್ಟುವುದು ಎಲ್ಲವೂ ಬೆಳಕಲ್ಲೇ ನಡೆಯತೊಡಗಿದವು. ಹಾಗಾಗಿ 2016ರ ನವೆಂಬರ್‌ನಲ್ಲಿ ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಶನಲ್ ಸಂಸ್ಥೆಯ ಉಕ್ರೇನ್ ಶಾಖೆ ದೊಝೊರೊ ಎಂಬ ಇನ್ನೊಂದು ವೇದಿಕೆ ತೆರೆಯಿತು. ಯಾವುದೇ ಟೆಂಡರಿನ ಬಗ್ಗೆ ಯಾರು ಬೇಕಾದರೂ ಅಲ್ಲಿ ದೂರು ಬರೆಯಬಹುದು. ಬೇರೆ ಬೇರೆ ಊರುಗಳ ಸಂಘಟನೆಗಳು ಟೆಂಡರುಗಳನ್ನು ಓದಿ, ಅನುಮಾನ ಬಂದರೆ ಇಲಾಖೆಗೆ, ಲೆಕ್ಕಪರಿಶೋಧಕರಿಗೆ, ಪೊಲೀಸರಿಗೆ ಬರೆಯುತ್ತವೆ.

ನಿಕೋಲೋವ್ ಅವರು ಈ ಕೆಲಸದಲ್ಲಿ ಇನ್ನೂ ಹಳಬರು. ಪ್ರೊಝೊರೊ ಹುಟ್ಟುವ ಮೊದಲೇ, 2010ರಲ್ಲಿ, ಒಲೆಕ್ಸಾ ಶಲೈಸ್ಕಿ ಎಂಬ ಇನ್ನೊಬ್ಬ ಪತ್ರಕರ್ತರ ಜತೆ 'ನಾಶಿ ಹ್ರೋಶಿ' ಎಂಬ ಜಾಲತಾಣ ಶುರು ಮಾಡಿದ್ದರು. ಸರ್ಕಾರ ಏನು ಕೊಂಡಿತು, ಯಾರಿಂದ, ಎಷ್ಟಕ್ಕೆ ಎಂದು ಬರೆಯುತ್ತಾ ಹೋಗುವುದೇ ಅದರ ಕೆಲಸ. ಟೆಂಡರ್ ಕಾಗದ ಓದುವುದು ಬೇಜಾರಿನ ಕೆಲಸ. ಅದನ್ನು ವರ್ಷಗಟ್ಟಲೆ ಮಾಡಿದವರ ಕಣ್ಣಿಗೆ ಮೊಟ್ಟೆಯ ಸಾಲು ಬಿದ್ದದ್ದು ಆಶ್ಚರ್ಯವಲ್ಲ.

ಯುದ್ಧ ಬಂತು, ಪರದೆ ಎಳೆದರು

2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿತು. ನಾಲ್ಕೇ ದಿನಕ್ಕೆ, ಫೆಬ್ರವರಿ 28ರಂದು, ಸಚಿವ ಸಂಪುಟ 169ನೇ ನಿರ್ಣಯ ಹೊರಡಿಸಿತು. ಟೆಂಡರ್ ಇಲ್ಲದೆ ನೇರವಾಗಿ ಕೊಳ್ಳಲು ದಾರಿ ಮಾಡಿಕೊಟ್ಟಿತು. ಇದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಶತ್ರುವಿನ ಟ್ಯಾಂಕುಗಳು ರಾಜಧಾನಿಯ ಅಂಚಿಗೆ ಬಂದಿರುವಾಗ ಬ್ರೆಡ್ಡಿಗೆ ಟೆಂಡರ್ ಕರೆದು, ವಾರಗಟ್ಟಲೆ ಕಾದು, ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹಾಕಿದವರು, ಯಾರೆಂದು ನೋಡುತ್ತಾ ಕೂರಲು ಆಗುತ್ತದೆಯೇ? ಎಲ್ಲಿ ಎಷ್ಟು ಊಟ ಹೋಗುತ್ತಿದೆ ಎಂದು ಗೊತ್ತಾದರೆ ಎಲ್ಲಿ ಎಷ್ಟು ಸೈನಿಕರಿದ್ದಾರೆ ಎಂಬುದೂ ಗೊತ್ತಾಗುತ್ತದೆ. ಗುಟ್ಟು ಬೇಕಿತ್ತು.

ತೊಂದರೆಯಾದದ್ದು ಪರದೆ ಅಲ್ಲೇ ಉಳಿದದ್ದರಿಂದ. 2022ರ ಅಕ್ಟೋಬರ್ 12ರ 1178ನೇ ನಿರ್ಣಯದಿಂದ ಸಾಮಾನ್ಯ ಇಲಾಖೆಗಳ ಖರೀದಿ ಮತ್ತೆ ಪ್ರೊಝೊರೊಗೆ ಮರಳಿತು. ಶಾಲೆಯ ಬೆಂಚು, ಆಸ್ಪತ್ರೆಯ ಹಾಸಿಗೆ, ರಸ್ತೆ ರಿಪೇರಿ ಮತ್ತೆ ಕಾಣತೊಡಗಿದವು. ರಕ್ಷಣಾ ಖರೀದಿ ಮಾತ್ರ ಒಳಗೇ ಉಳಿಯಿತು. ಕ್ಷಿಪಣಿ, ಮದ್ದುಗುಂಡು ಇರಲಿ, ಆಲೂಗಡ್ಡೆ, ಎಲೆಕೋಸು, ಮೊಟ್ಟೆಯ ಬೆಲೆಯೂ ಒಳಗೇ. ಪ್ರಯೋಗದ ದಿನಗಳಲ್ಲಿ ಮೊದಮೊದಲೇ ಬಾಗಿಲು ತೆರೆದಿದ್ದ ಅದೇ ಸಚಿವಾಲಯದಲ್ಲಿ.

ಕ್ಯಾಟಲಾಗಿನ ಕೈಚಳಕ

ಈಗ ಮೊಟ್ಟೆಗೆ ಬರೋಣ. ಬೆಲೆ ಜಾಸ್ತಿ ಹಾಕಿ ಕದ್ದರು ಎಂದು ಸುದ್ದಿ ಓದಿ ಮುಗಿಸಿಬಿಡಬಹುದು. ಆದರೆ ಒಳಗಿನ ಕೆಲಸ ಅದಕ್ಕಿಂತ ಚೂಪಾಗಿದೆ, ನಮ್ಮಲ್ಲಿ ಟೆಂಡರ್ ನೋಡುವವರಿಗೂ ಉಪಯೋಗಕ್ಕೆ ಬರುವಂಥದ್ದು.

ಸೈನ್ಯ ಊಟಕ್ಕೆ ಒಂದು ಕ್ಯಾಟಲಾಗ್ ಇಟ್ಟುಕೊಂಡಿತ್ತು. ನಾನೂರಕ್ಕೂ ಹೆಚ್ಚು ಪದಾರ್ಥ. ಗುತ್ತಿಗೆದಾರ ಪ್ರತಿಯೊಂದಕ್ಕೂ ಬೆಲೆ ಹಾಕುತ್ತಾನೆ. ಘಟಕಗಳು ತಮಗೆ ಬೇಕಾದ್ದನ್ನು ಆ ಪಟ್ಟಿಯಿಂದ ತರಿಸಿಕೊಳ್ಳುತ್ತವೆ. ಉಕ್ರೇನಿನ ಭ್ರಷ್ಟಾಚಾರ ವಿರೋಧಿ ಬ್ಯೂರೋ, ಅಂದರೆ ನಾಬು, ಆಮೇಲೆ ಹೊರಿಸಿದ ಆರೋಪದ ಪ್ರಕಾರ ನಡೆದದ್ದು ಇಷ್ಟು: ಜಾಸ್ತಿ ಖರ್ಚಾಗುವ ಪದಾರ್ಥಗಳ ಬೆಲೆ ಏರಿಸಿದರು, ಅಪರೂಪಕ್ಕೆ ತರಿಸುವವುಗಳ ಬೆಲೆ ಇಳಿಸಿದರು. ಇಡೀ ಕ್ಯಾಟಲಾಗ್ ನೋಡಿದರೆ ಬೆಲೆ ಸರಿಯಾಗೇ ಇದೆ ಎನ್ನಿಸುತ್ತದೆ.

ಒಂದು ಸರಳ ಲೆಕ್ಕ ಹಾಕಿ ನೋಡೋಣ. ಮೊಟ್ಟೆಯ ಬೆಲೆಗಳು ವರದಿಯವೇ, ಉಳಿದದ್ದು ವಿವರಿಸಲು ನಾನು ಇಟ್ಟುಕೊಂಡದ್ದು. ಕ್ಯಾಟಲಾಗಿನಲ್ಲಿ ಎರಡೇ ಪದಾರ್ಥ ಇವೆ ಅಂದುಕೊಳ್ಳಿ. ಮೊಟ್ಟೆ, ಪೇಟೆಯ ಬೆಲೆ 7. ಯಾವುದೋ ಡಬ್ಬಿ ಆಹಾರ, ಪೇಟೆಯ ಬೆಲೆ 40. ಕೂಡಿದರೆ 47. ಗುತ್ತಿಗೆದಾರ ಮೊಟ್ಟೆಗೆ 17, ಡಬ್ಬಿಗೆ 30 ಹಾಕುತ್ತಾನೆ. ಕೂಡಿದರೆ ಅದೂ 47. ಮೇಲಿನಿಂದ ನೋಡಿದ ಅಧಿಕಾರಿಗೆ ಒಂದು ಪೈಸೆಯ ವ್ಯತ್ಯಾಸವೂ ಕಾಣುವುದಿಲ್ಲ. ಈಗ ಅಡುಗೆಮನೆಗೆ ಹೋಗಿ. ಅಲ್ಲಿ ನೂರು ಮೊಟ್ಟೆಗೆ ಒಂದು ಡಬ್ಬಿ ಖರ್ಚಾಗುತ್ತದೆ. ಪೇಟೆಯ ಬೆಲೆಯಲ್ಲಿ ಅದು 740 ಆಗಬೇಕಿತ್ತು. ಗುತ್ತಿಗೆದಾರನ ಬಿಲ್ಲು 1,730. ಎರಡು ಪಟ್ಟಿಗಿಂತ ಜಾಸ್ತಿ! 'ಡಬ್ಬಿಯನ್ನು ಪೇಟೆಗಿಂತ ಅಗ್ಗಕ್ಕೆ ಕೊಟ್ಟಿದ್ದೇವಲ್ಲ ಸ್ವಾಮಿ' ಎಂದು ಅವನು ಎದೆ ತಟ್ಟಿಕೊಂಡು ಹೇಳಬಹುದು. ಅದು ನಿಜವೂ ಹೌದು.

ಕರ್ನಾಟಕದಲ್ಲಿ ಪಿಡಬ್ಲ್ಯುಡಿ ಕೆಲಸ ಮಾಡಿದ ಎಂಜಿನಿಯರನ್ನು ಕೇಳಿ, ಇದನ್ನು ಕೂಡಲೇ ಗುರುತಿಸುತ್ತಾರೆ. ಪ್ರತಿ ಐಟಮ್ಮಿಗೂ ಬೇರೆ ಬೇರೆ ರೇಟು ಹಾಕುವ ಐಟಂ ರೇಟ್ ಟೆಂಡರಿನಲ್ಲಿ ಬಿಒಕ್ಯೂನ (ಐಟಂ ಮತ್ತು ಅವುಗಳ ಪ್ರಮಾಣದ ಪಟ್ಟಿಯ) ಯಾವ ಐಟಂ ಆಮೇಲೆ ಹೆಚ್ಚಾಗುತ್ತದೆ ಎಂದು ಮೊದಲೇ ವಾಸನೆ ಹಿಡಿದ ಗುತ್ತಿಗೆದಾರ ಅದಕ್ಕೆ ರೇಟು ಏರಿಸುತ್ತಾನೆ, ಕಡಿಮೆಯಾಗುವ ಐಟಮ್ಮಿಗೆ ಇಳಿಸುತ್ತಾನೆ. ಎಲ್-1 ಅವನೇ. ಕೆಲಸ ಮುಗಿಯುವ ಹೊತ್ತಿಗೆ ಬಿಲ್ಲು ಎಲ್ಲೋ ಹೋಗಿರುತ್ತದೆ. ಇದಕ್ಕೆ ಅನ್‌ಬ್ಯಾಲೆನ್ಸ್ಡ್ ಬಿಡ್ ಎನ್ನುತ್ತಾರೆ. ರಾಜ್ಯದ ದೊಡ್ಡ ಕಾಮಗಾರಿಗಳ ಮಾದರಿ ಟೆಂಡರ್ ದಾಖಲೆ ಕೆಡಬ್ಲ್ಯು-4ರಲ್ಲೇ ಇದಕ್ಕೊಂದು ಷರತ್ತಿದೆ. ಅಂದಾಜಿಗೆ ಹೋಲಿಸಿದರೆ ಬಿಡ್ ತೀರಾ ಏರುಪೇರಾಗಿ ಕಂಡರೆ ದರ ವಿಶ್ಲೇಷಣೆ ಕೇಳಬಹುದು, ಹೆಚ್ಚಿನ ಭದ್ರತಾ ಠೇವಣಿ ಇಡಿಸಿಕೊಳ್ಳಬಹುದು. ಅಂದರೆ ಈ ಕಾಯಿಲೆ ಹೊಸದಲ್ಲ, ಮದ್ದೂ ಹೊಸದಲ್ಲ. ಆದರೆ ಕಾಯಿಲೆ ಗೊತ್ತಾಗಬೇಕಾದರೆ ಐಟಂವಾರು ರೇಟು ಯಾರಾದರೂ ಹೊರಗಿನವರ ಕಣ್ಣಿಗೆ ಬೀಳಬೇಕು ಅಲ್ವಾ?

ಮೂರು ದಿನ

ವರದಿ ಬಂದ ಕೂಡಲೇ ಸಚಿವಾಲಯ ಸಿಟ್ಟಾಯಿತು. ಇದು ತಿರುಚಿದ ವರದಿ ಎಂದಿತು. ಒಪ್ಪಂದದ ಪ್ರತಿ ಹೊರಗೆ ಹೋದದ್ದು ಹೇಗೆ ಎಂದು ತನಿಖೆಯಾಗಬೇಕು ಎಂದಿತು. ರಕ್ಷಣಾ ಸಚಿವ ಒಲೆಕ್ಸಿ ರೆಝ್ನಿಕೋವ್ ಇದೊಂದು ತಾಂತ್ರಿಕ ತಪ್ಪು, ಮೊಟ್ಟೆಯನ್ನು ಕಿಲೋ ಲೆಕ್ಕದಿಂದ ಬಿಡಿ ಲೆಕ್ಕಕ್ಕೆ ತರುವಾಗ ಅಂಕಿ ಅದಲು ಬದಲಾಗಿದೆ ಎಂದರು. ಮೊಟ್ಟೆಯ ಮಟ್ಟಿಗೆ ನಂಬೋಣ ಅಂದುಕೊಂಡರೂ ಆಲೂಗಡ್ಡೆ ಅಡ್ಡ ಬರುತ್ತದೆ. ಆಲೂಗಡ್ಡೆಯನ್ನು ಯಾವ ಸೈನ್ಯವೂ ಬಿಡಿಯಾಗಿ ಎಣಿಸಿ ಕೊಳ್ಳುವುದಿಲ್ಲ.

ಅದೇ ವಾರಾಂತ್ಯ ಇನ್ನೊಂದು ಸುದ್ದಿ ಬಂತು. ಚಳಿಗಾಲಕ್ಕೆ ಜನರೇಟರ್ ಮುಂತಾದ ಸಲಕರಣೆ ಕೊಳ್ಳುವ ವ್ಯವಹಾರದಲ್ಲಿ 4 ಲಕ್ಷ ಡಾಲರ್ ಲಂಚದ ಆರೋಪದ ಮೇಲೆ ಮೂಲಸೌಕರ್ಯ ಖಾತೆಯ ಉಪ ಸಚಿವರನ್ನು ನಾಬು ಬಂಧಿಸಿತ್ತು. ರಷ್ಯಾದ ಕ್ಷಿಪಣಿಗಳು ವಿದ್ಯುತ್ ಕೇಂದ್ರಗಳನ್ನು ಹೊಡೆದು ಜನ ಕತ್ತಲಲ್ಲಿ, ಚಳಿಯಲ್ಲಿ ಕೂತಿದ್ದ ಹೊತ್ತು ಅದು. ಎರಡೂ ಒಟ್ಟಿಗೆ ಬಂದದ್ದರಿಂದ ಸಿಟ್ಟು ತಡೆಯಲು ಆಗಲಿಲ್ಲ. ಜನವರಿ 24ರ ಮಂಗಳವಾರ ರಕ್ಷಣಾ ಖಾತೆಯ ಉಪ ಸಚಿವ ವ್ಯಾಚೆಸ್ಲಾವ್ ಶಪೊವಾಲೋವ್ ಹುದ್ದೆ ಬಿಟ್ಟರು. ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಹೊಣೆ ಅವರದಾಗಿತ್ತು. ಅವರ ಜತೆ ಅಧ್ಯಕ್ಷರ ಕಚೇರಿಯ ಉಪ ಮುಖ್ಯಸ್ಥರು, ಕೆಲವು ಪ್ರಾಂತ್ಯಗಳ ಗವರ್ನರುಗಳು ಎಲ್ಲ ಅದೇ ದಿನ ಹೊರಗೆ ಹೋದರು. ಶನಿವಾರದ ವರದಿಗೆ ಮಂಗಳವಾರ ಫಲ.

ರೆಝ್ನಿಕೋವ್ ಆಗ ಉಳಿದುಕೊಂಡರು. ಆಗಸ್ಟ್‌ನಲ್ಲಿ ಇನ್ನೊಂದು ಹಗರಣ ಎದ್ದಿತು, ಟರ್ಕಿಯಿಂದ ತರಿಸಿದ ಸೈನಿಕರ ಜಾಕೆಟ್ಟುಗಳದ್ದು. ಸೆಪ್ಟೆಂಬರ್ ಆರಂಭದಲ್ಲಿ ಅವರನ್ನು ಬದಲಿಸಿ ರುಸ್ತೆಮ್ ಉಮೆರೋವ್ ಅವರನ್ನು ತಂದರು. ರೆಝ್ನಿಕೋವ್ ಅವರೇ ದುಡ್ಡು ತಿಂದರೆಂದು ಯಾರೂ ಸಾಬೀತು ಮಾಡಿಲ್ಲ ಎಂಬುದನ್ನೂ ಹೇಳಬೇಕು.

ಗುಟ್ಟು ಯಾವುದು, ಬೆಲೆ ಯಾವುದು

ರಾಜೀನಾಮೆಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು 2023ರ ಫೆಬ್ರವರಿ 24ರ ಘಟನೆ. ಯುದ್ಧಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ ಉಕ್ರೇನಿನ ಸಂಸತ್ತು ಒಂದು ಕಾನೂನು ಪಾಸು ಮಾಡಿತು. ರಕ್ಷಣಾ ಖರೀದಿಯಲ್ಲಿ ಗುಟ್ಟಿನದಲ್ಲದ ಸಾಮಾನುಗಳ ಬಿಡಿ ಬೆಲೆಯನ್ನು ಪ್ರೊಝೊರೊದಲ್ಲಿ ಹಾಕಲೇಬೇಕು ಎಂಬುದು ಅದರ ತಿರುಳು. ಊಟ, ಬಟ್ಟೆ, ಇಂಧನ ಇಂಥವು.

ಅದುವರೆಗಿನ ವಾದ ಎರಡೇ ತುದಿಯಲ್ಲಿತ್ತು. ಎಲ್ಲ ತೆರೆಯಿರಿ ಎನ್ನುವವರು ಒಂದು ಕಡೆ, ಯುದ್ಧ ನಡೆಯುತ್ತಿದೆ ಬಾಯಿ ಮುಚ್ಚಿ ಎನ್ನುವವರು ಇನ್ನೊಂದು ಕಡೆ. ಕಾನೂನು ಮಾಡಿದವರು ಒಪ್ಪಂದವನ್ನೇ ಬಿಡಿಸಿ ನೋಡಿದರು. ಎಷ್ಟು ಸಾಮಾನು, ಯಾವ ಘಟಕಕ್ಕೆ, ಯಾವ ಊರಿಗೆ, ಯಾವ ದಿನ ಎಂಬುದು ಶತ್ರುವಿಗೆ ಬೇಕಾದ ಮಾಹಿತಿ. ಅದು ಒಳಗಿರಲಿ. ಒಂದು ಮೊಟ್ಟೆಗೆ ಎಷ್ಟು ಎಂಬುದರಿಂದ ಶತ್ರುವಿಗೆ ಏನು ಲಾಭ? ಅದು ಬೇಕಿರುವುದು ತೆರಿಗೆ ಕಟ್ಟುವವರಿಗೆ. ಅದು ಹೊರಗೆ ಬರಲಿ. ಇಷ್ಟು ಸರಳವಾದ ಮಾತಿಗೆ ಒಂದು ವರ್ಷ ಹಿಡಿಯಿತು, ಒಂದು ಹಗರಣವೂ ಬೇಕಾಯಿತು.

ಬಿಡಿ ಬೆಲೆ ಕಂಡರೆ ಕೆಲಸ ಎಷ್ಟು ಸಲೀಸು ಗೊತ್ತಾ? ಯಾವ ಪರಿಣತಿಯೂ ಬೇಡ. ಒಬ್ಬ ಗೃಹಿಣಿ, ಒಬ್ಬ ಕಿರಾಣಿ ಅಂಗಡಿಯವ, ನಿವೃತ್ತ ಗುಮಾಸ್ತ ಯಾರು ಬೇಕಾದರೂ 'ಇದೇನಿದು' ಎಂದು ಕೇಳಬಹುದು. ಸೋತ ಗುತ್ತಿಗೆದಾರನಂತೂ ಕೇಳೇ ಕೇಳುತ್ತಾನೆ. ಖರೀದಿ ಕಾಯುವವರಲ್ಲಿ ಅವನಷ್ಟು ಚುರುಕಾದವರು ಇನ್ನಿಲ್ಲ. ಅವನಿಗೆ ಪೇಟೆಯ ಬೆಲೆ ಗೊತ್ತು, ಹೊಟ್ಟೆಕಿಚ್ಚೂ ಇದೆ.

ಕಾನೂನಿನ ಜತೆ ಇನ್ನೂ ಎರಡು ಬದಲಾವಣೆ ಆದವು. 2023ರಲ್ಲಿ ರಕ್ಷಣಾ ಸಚಿವಾಲಯಕ್ಕೆ ಹೊರಗಿನ ನಾಗರಿಕರ ಭ್ರಷ್ಟಾಚಾರ ವಿರೋಧಿ ಮಂಡಳಿ ಬಂತು, ಅದರ ಸದಸ್ಯರನ್ನು ಜನರೇ ಆನ್‌ಲೈನ್ ಮತ ಹಾಕಿ ಆರಿಸಿದರು. ಆ ವರ್ಷದ ಕೊನೆಗೆ ಊಟ, ಬಟ್ಟೆ, ಇಂಧನದಂಥ ಖರೀದಿಗೆಂದೇ ಸಚಿವಾಲಯದ ಅಡಿ ಡಾಟ್ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದಕ್ಕೆ ಮುಖ್ಯಸ್ಥರಾಗಿ ಬಂದ ಆರ್ಸೆನ್ ಜುಮಾದಿಲೋವ್ ಮೊದಲು ಸರ್ಕಾರಕ್ಕೆ ಔಷಧಿ ಕೊಳ್ಳುವ ಸಂಸ್ಥೆ ನಡೆಸಿದವರು. ಸೈನ್ಯದ ಊಟದ ಟೆಂಡರ್ ಮತ್ತೆ ಪ್ರೊಝೊರೊಗೆ ಬಂತು.

ಕೇಳಿದವರಿಗೆ ಸಿಕ್ಕಿದ್ದು

ಇಷ್ಟೆಲ್ಲ ಆದ ಮೇಲೂ ಮೊದಲು ಪ್ರಶ್ನೆ ಕೇಳಿದವರ ಬದುಕು ಸುಖವಾಗಿರಲಿಲ್ಲ. 2024ರ ಜನವರಿ 14ರಂದು ಕೆಲವರು ನಿಕೋಲೋವ್ ಅವರ ಮನೆಯ ಬಾಗಿಲು ಬಡಿದರು. ಸೈನ್ಯಕ್ಕೆ ಸೇರದೆ ತಪ್ಪಿಸಿಕೊಂಡವನು ಎಂದು ಕೂಗಾಡಿದರು, ಬಾಗಿಲಿಗೆ ಬೈಗುಳದ ಚೀಟಿ ಅಂಟಿಸಿದರು. ಅವರು ಮನೆಯಲ್ಲಿ ಇರಲಿಲ್ಲ, ಒಳಗೆ ಅವರ ತಾಯಿ ಇದ್ದರು. ನಮ್ಮಲ್ಲಿ ಆರ್‌ಟಿಐ ಅರ್ಜಿ ಹಾಕಿ ಏಟು ತಿಂದವರ ಕಥೆ ಗೊತ್ತಿರುವವರಿಗೆ ಇದು ಹೊಸತೆನಿಸಲಾರದು. ಪೋರ್ಟಲ್ ಕಟ್ಟಲು ವಿದೇಶಿ ನೆರವು ಸಿಗುತ್ತದೆ, ಪ್ರಶಸ್ತಿ ಸಿಗುತ್ತದೆ. ಅದನ್ನು ಓದಿ ಹೆಸರು ಹಾಕಿ ಬರೆಯುವವರ ರಕ್ಷಣೆಯ ಬಗ್ಗೆ ಯೋಜನಾ ವರದಿಗಳಲ್ಲಿ ಒಂದು ಸಾಲು ಕಾಣುವುದೂ ಕಷ್ಟ.

ನಮ್ಮ ಕಡೆಗೆ ತಿರುಗಿದರೆ

ಕರ್ನಾಟಕಕ್ಕೆ ಇದರಲ್ಲಿ ಓದಿಕೊಳ್ಳಲು ಸಾಕಷ್ಟಿದೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದೇ ಕಾನೂನು ಮಾಡಿದ ಮೊದಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. 1999ರ ಕೆಟಿಪಿಪಿ ಕಾಯ್ದೆ ಅದು. ಇ-ಟೆಂಡರ್ ಕೂಡ ಬೇಗನೇ ಬಂತು, ಈಗ ಕೆಪಿಪಿಪಿ ಪೋರ್ಟಲ್ ಇದೆ. ಆದರೆ ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳ ಸಾಲಿದೆ. 4(ಎ) ತುರ್ತು ಪರಿಸ್ಥಿತಿ, ಪ್ರಕೃತಿ ವಿಕೋಪಕ್ಕೆ. 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ಖರೀದಿಗೆ ವಿನಾಯಿತಿ ಕೊಡಬಹುದು. ವಿಧಾನಸೌಧದ ಸುತ್ತ ಓಡಾಡುವವರ ಬಾಯಲ್ಲಿ 'ಫೋರ್ ಜಿ' ಅಂದರೆ ಮೊಬೈಲ್ ನೆಟ್‌ವರ್ಕ್ ಅಲ್ಲ, ಇದು.

ಕೋವಿಡ್ ಬಂದಾಗ ಇಲ್ಲೂ ತುರ್ತಿನ ಬಾಗಿಲಿನಿಂದ ಖರೀದಿ ನಡೆಯಿತು. ಪಿಪಿಇ ಕಿಟ್, ಔಷಧಿ, ಉಪಕರಣ. ಆಗ ತುರ್ತು ಇದ್ದದ್ದು ನಿಜ. ಅವುಗಳ ಬಿಡಿ ಬೆಲೆಯ ಚರ್ಚೆ ಜೋರಾಗಿ ಬಂದದ್ದು ವರ್ಷಗಳ ಮೇಲೆ. 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಅವರ ಆಯೋಗ ನೇಮಕವಾಗಿ, 2024ರ ಆಗಸ್ಟ್ ಕೊನೆಗೆ ಅದರ ಮೊದಲ ವರದಿ ಸರ್ಕಾರದ ಕೈ ಸೇರಿತು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ವರದಿ ರಾಜಕೀಯದ ಅಸ್ತ್ರವೂ ಆಯಿತು. ಒಂದು ಪಿಪಿಇ ಕಿಟ್ಟಿಗೆ ಎಷ್ಟು ಕೊಟ್ಟೆವು ಎಂದು ಕೊಂಡ ವಾರದಲ್ಲೇ ಪೋರ್ಟಲ್ಲಿನಲ್ಲಿ ಹಾಕುವ ನಿಯಮ ಇದ್ದಿದ್ದರೆ ಈ ಚರ್ಚೆ ಆಗಲೇ, ಆಗಿನ ಬಿಸಿಯಲ್ಲೇ ನಡೆಯುತ್ತಿತ್ತು. ದುಡ್ಡು ಉಳಿಸಲು ಅವಕಾಶವಾದರೂ ಇರುತ್ತಿತ್ತು. ಟೆಂಡರಿಗೆ ವಿನಾಯಿತಿ ಕೊಟ್ಟ ಮಾತ್ರಕ್ಕೆ ಬೆಲೆ ಹೇಳುವುದಕ್ಕೂ ವಿನಾಯಿತಿ ಸಿಗಬೇಕಿಲ್ಲ. ಉಕ್ರೇನಿನ ಕಾನೂನು ಬಿಡಿಸಿದ ಗಂಟು ಅದೇ.

ಈಗ ಎಲ್ಲಿಗೆ ಬಂದಿದೆ

2025ರ ಏಪ್ರಿಲ್‌ನಲ್ಲಿ ನಾಬು ಕ್ಯಾಟಲಾಗ್ ಪ್ರಕರಣದಲ್ಲಿ ಸಚಿವಾಲಯದ ಖರೀದಿ ವಿಭಾಗದ ಮಾಜಿ ಮುಖ್ಯಸ್ಥರೂ ಸೇರಿ ಕೆಲವರ ಮೇಲೆ ಆರೋಪ ಹೊರಿಸಿತು. 2022ರ ಕೊನೆಯ ತಿಂಗಳುಗಳ ಊಟದ ಲೆಕ್ಕದಲ್ಲೇ 70 ಕೋಟಿ ಹ್ರಿವ್ನಿಯಾಗೂ ಹೆಚ್ಚು ಹೋಗಿದೆ ಎಂಬುದು ಅದರ ವಾದ. ಗಮನಿಸಿ, ಇದು ಪತ್ರಿಕೆಯಲ್ಲಿ ಬಂದ 2023ರ ಒಪ್ಪಂದಕ್ಕೂ ಮೊದಲಿನ ಅವಧಿಯ ಲೆಕ್ಕ. ಅಂದರೆ 17 ಹ್ರಿವ್ನಿಯಾದ ಸಾಲು ಹೊರಬೀಳುವ ಹೊತ್ತಿಗೆ ಆ ಅಡುಗೆಮನೆಯಲ್ಲಿ ಆಗಲೇ ಸಾಕಷ್ಟು ಮೊಟ್ಟೆ ಬೆಂದಿತ್ತು.

ಆಯುಧ ಕೊಳ್ಳುವ ಕಡೆ ಜಗಳ ಇನ್ನೂ ಬೇರೆ ಥರದ್ದು. 2025ರ ಜನವರಿಯಲ್ಲಿ ಆಯುಧ ಖರೀದಿ ಏಜೆನ್ಸಿಯ ಮುಖ್ಯಸ್ಥೆ ಮರೀನಾ ಬೆಜ್ರುಕೋವಾ ಅವರನ್ನು ಮುಂದುವರಿಸಲು ಅಲ್ಲಿನ ಮೇಲ್ವಿಚಾರಣಾ ಮಂಡಳಿ ಮತ ಹಾಕಿತು, ಸಚಿವ ಉಮೆರೋವ್ ಒಪ್ಪಲಿಲ್ಲ. ಅವರ ಜಾಗಕ್ಕೆ ಊಟದ ಟೆಂಡರ್ ಸರಿಮಾಡುತ್ತಿದ್ದ ಜುಮಾದಿಲೋವ್ ಅವರನ್ನೇ ತಂದರು. ಸಚಿವರು ಅಧಿಕಾರ ದುರುಪಯೋಗ ಮಾಡಿದರೇ ಎಂದು ನಾಬು ತನಿಖೆ ತೆರೆಯಿತು. ಅಲ್ಲಿ ಕೊಳ್ಳುವುದು ಶೆಲ್ಲು, ಡ್ರೋನು. ಅವುಗಳ ಬಿಡಿ ಬೆಲೆ ಸಾಮಾನ್ಯವಾಗಿ ಪ್ರೊಝೊರೊದಲ್ಲಿ ಬರುವುದಿಲ್ಲ, ಬಂದರೂ ಕಿರಾಣಿ ಅಂಗಡಿಗೆ ಹೋಗಿ ಹೋಲಿಸಿ ನೋಡಲು ಆಗುವುದಿಲ್ಲ.